ನಾವು ಪಾಲು ಹಿಂತೆಗೆದ ಮಳೆಗಾಲ

ಕಳೆದ ವಾರ ಉಡುಪಿಯಿಂದ ಕಾಪುವಿಗೆ ಹೋಗುವಾಗ ನಮ್ಮ ಬಸ್ಸು ಹೆದ್ದಾರಿಯಲ್ಲಿ ಒಂದು ಮೀನಿನ ಲಾರಿಯ ಹಿಂದೆ ಸಿಕ್ಕಿಕೊಂಡಿತು. ಲಾರಿಯ ಹಿಂಬದಿಯಿಂದ ಕಂದು ನೀರು ರಸ್ತೆಗೆ ಸೋರುತ್ತಿತ್ತು. ಕಿಟಕಿ ಬದಿಯವರೆಲ್ಲ ಗಾಜು ಎಳೆದುಕೊಂಡರು. ಮಣಿಪಾಲದಲ್ಲಿ ಹತ್ತಿದ್ದ ಇಬ್ಬರು ವಿದ್ಯಾರ್ಥಿನಿಯರು ಮೂಗಿಗೆ ದುಪಟ್ಟಾ ಒತ್ತಿಕೊಂಡರು. “ಎಂತ ಮಾಡುವುದು, ಓವರ್‌ಟೇಕ್ ಮಾಡ್ಲಿಕ್ಕೆ ಜಾಗ ಇಲ್ಲ” ಎಂದು ಕಂಡಕ್ಟರ್ ತಾನೇ ಆ ಮೀನು ಹಿಡಿದವನ ಹಾಗೆ ಎಲ್ಲರ ಮುಖ ನೋಡಿದ. ಹಸಿ ಮೀನಿನ ವಾಸನೆ ನಮ್ಮಂಥವರಿಗೆ ವಾಸನೆಯೇ ಅಲ್ಲ. ಇದು ಬೇರೆ. ಎರಡು ದಿನ ಕೊಳೆತು, ಹುಡಿಯಾಗಲು ಫಿಶ್‌ಮೀಲ್ ಕಾರ್ಖಾನೆಗೆ ಹೋಗುವ ಮೀನಿನದ್ದು. ಕೂದಲಿಗೆ ಹಿಡಿದರೆ ಎರಡು ಸಲ ತಲೆಗೆ ಸ್ನಾನ ಮಾಡಿದರೂ ಬಿಡುವುದಿಲ್ಲ. ಸೋಮ್ರಿಯ ಕೂದಲಿಗೆ ಯಾವಾಗಲೂ ಆ ವಾಸನೆ ಇತ್ತು.

ಅವಳ ನಿಜವಾದ ಹೆಸರು ಬೇರೆ. ಇಲ್ಲಿ ಹೀಗೆ ಕರೆಯುತ್ತೇನೆ.

ಅದು ಮೂರು ವರ್ಷದ ಹಿಂದಿನ ಮಳೆಗಾಲ. ನಾನು ಬಿ.ಕಾಂ. ಕೊನೆಯ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಾ ಮನೆಯಲ್ಲಿದ್ದೆ. ದಿನಚರಿ ಬರೆಯುವುದು ನನಗೆ ಆರನೇ ತರಗತಿಯಿಂದ ರೂಢಿ. ಮೊದಲ ಡೈರಿ ತಂದುಕೊಟ್ಟವರು ವಾಸು ಮಾವ, ಅಮ್ಮನ ಅಣ್ಣ. ಮಲ್ಪೆಯ ಐಸ್ ಪ್ಲಾಂಟಿನವರು ಹೊಸ ವರ್ಷಕ್ಕೆ ಅವರಿಗೆ ಕೊಟ್ಟಿದ್ದ ಡೈರಿ ಅದು. ನನ್ನ ಅಪ್ಪ ತೀರಿಹೋದಾಗ ನನಗೆ ನಾಲ್ಕು ವರ್ಷ. ಅಂದಿನಿಂದ ನನ್ನ ಶಾಲೆ, ಜ್ವರ, ಚಪ್ಪಲಿ, ಎಲ್ಲವೂ ಮಾವನ ಜವಾಬ್ದಾರಿ. ನಮ್ಮಲ್ಲಿ ಸೋದರಮಾವ ಎಂದರೆ ಹಾಗೆಯೇ. ನಾನು ಡೈರಿಯಲ್ಲಿ ಬರೆಯುತ್ತಿದ್ದದ್ದು ದೊಡ್ಡ ವಿಷಯಗಳೇನಲ್ಲ. ಮಳೆ ಎಷ್ಟು ಹೊತ್ತು ಬಂತು, ಗಾಳಿ ಯಾವ ದಿಕ್ಕಿನದ್ದು, ಬಲೆ ಹಾಕಿದರೋ ಇಲ್ಲವೋ, ಎಷ್ಟು ಬುಟ್ಟಿ, ಯಾವ ಮೀನು. “ನಮ್ಮ ಸಿ.ಎ. ಬಂದಳು, ಎಲ್ಲರೂ ಸರಿಯಾಗಿ ಎಳೀರಿ” ಎಂದು ಮಾವ ದಡದಲ್ಲಿ ನಗಾಡುತ್ತಿದ್ದರು.

ಆ ವರ್ಷ ಜೂನ್ ಇಡೀ ಕಡಲು ದಡವನ್ನು ತಿನ್ನುತ್ತಲೇ ಇತ್ತು. ಟ್ರಾಲರುಗಳಿಗೆ ಹೇಗೂ ರಜೆಯ ಕಾಲ. ದಡದಿಂದ ಎಳೆಯುವ ಕೈರಂಪಣಿ ಬಲೆಯವರಾದ ನಮಗೂ ಜುಲೈ ಅರ್ಧದವರೆಗೆ ನೀರಿಗೆ ಇಳಿಯಲಾಗಲಿಲ್ಲ. ಜುಲೈ ಹತ್ತೊಂಬತ್ತರಂದು ಬೆಳಿಗ್ಗೆ ಗಾಳಿ ಬಿದ್ದುಹೋಯಿತು. ಮಾವ ಅಂಗಳದಲ್ಲಿ ನಿಂತು ಬರೀ ಶಬ್ದ ಕೇಳಿ, “ಇವತ್ತು ಬಲೆ ಹಾಕುವ” ಎಂದರು. ದೋಣಿ ಅರ್ಧಚಂದ್ರಾಕಾರವಾಗಿ ಬಲೆ ಬಿಟ್ಟುಬಂತು. ಎರಡು ತುದಿಯ ಹಗ್ಗ ಹಿಡಿದು ನಲವತ್ತು ಮನೆಯವರು ಮರಳಲ್ಲಿ ಹಿಮ್ಮಡಿ ಊರಿದರು.

ಆ ಬಲೆ ಒಬ್ಬರದಲ್ಲ. ನಲವತ್ತು ಮನೆ ಸೇರಿ ಮಾಡಿದ ಫಂಡಿನದು. ನಾವು ಅದನ್ನು ಫಂಡು ಎಂದೇ ಕರೆಯುವುದು. ಮಾವ ಅದರ ಹಿರಿಯರು. ಫಂಡಿಗೆ ಅಚ್ಚಾದ ನಿಯಮ ಏನೂ ಇಲ್ಲ. ಆದರೆ ಒಂದು ಕ್ರಮವನ್ನು ಯಾರೂ ಮುರಿದದ್ದಿಲ್ಲ: ಹಗ್ಗಕ್ಕೆ ಕೈ ಹಾಕಿದವರಿಗೆ ಪಾಲು ಉಂಟು. ಯಾವ ಊರು, ಯಾವ ಜಾತಿ ಎಂದು ಕೇಳುವುದಿಲ್ಲ. ದೀಪಸ್ತಂಭ ನೋಡಲು ಬಂದ ಪ್ರವಾಸಿಗರು ಮೋಜಿಗೆಂದು ಐದು ನಿಮಿಷ ಎಳೆದು, ಕೈಯಲ್ಲಿ ನಾಲ್ಕು ಬಂಗುಡೆ ಹಿಡಿದುಕೊಂಡು ಏನು ಮಾಡುವುದೆಂದು ತಿಳಿಯದೆ ನಿಂತದ್ದೂ ಉಂಟು.

ಆ ದಿನ ನಮ್ಮ ಸಾಲಿನ ತುದಿಯಲ್ಲಿ ಐದು ಮಂದಿ ಹೊಸಬರು ಬಂದು ಸೇರಿದರು. ಕೊನೆಯವಳು ನನ್ನಷ್ಟೇ ವಯಸ್ಸಿನ, ಸಣ್ಣ ಆಳಿನ ಹುಡುಗಿ, ಸೋಮ್ರಿ. ಅಲೆ ಬಂದಾಗಲೆಲ್ಲ ಹಗ್ಗ ಬಿಟ್ಟು ಓಡುತ್ತಿದ್ದಳು, ಅಲೆ ಹೋದ ಕೂಡಲೇ ನಾಚಿಕೊಂಡು ಬಂದು ಹಿಡಿಯುತ್ತಿದ್ದಳು.

ನನ್ನ ಪಕ್ಕದಲ್ಲಿದ್ದವರು ಗಿರಿಜಕ್ಕ. ಬುಟ್ಟಿಯಲ್ಲಿ ಮೀನು ಮಾರುವವರು, ಬಾಯಿಗೆ ಬೀಗ ಇಲ್ಲದವರು. “ಎಂತ ಮಾರಾಯ್ತಿ, ಅಲೆ ನಿನ್ನನ್ನು ಮದುವೆ ಆಗ್ಲಿಕ್ಕೆ ಬರ್ತಾ ಉಂಟಾ? ನಿನ್ನ ಊರಲ್ಲಿ ಕಡಲು ಇಲ್ವಾ?” ಎಂದರು. ನಾನು ಶಾಲೆಯಲ್ಲಿ ಕಲಿತ ಹಿಂದಿಯಲ್ಲಿ ಅದನ್ನೇ ಕೇಳಿದೆ.

“ಇಲ್ಲ. ನಮ್ಮದು ಜಾರ್ಖಂಡ್. ಕಾಡು,” ಎಂದಳು.

“ಹಾಗಾದ್ರೆ ಬಲೆ ಎಳೀಲಿಕ್ಕೆ ಎಲ್ಲಿ ಕಲಿತದ್ದು ಅಂತ ಕೇಳು.”

ಅವಳು ನಕ್ಕಳು. “ಎಳೆಯುವುದು ಎಲ್ಲ ಕಡೆಯೂ ಒಂದೇ ಅಲ್ಲವಾ, ದೀದಿ.”

ಬಲೆ ತುಂಬಾ ಭೂತಾಯಿ ಮೀನು ಬಂದಿತ್ತು. ಪಾಲು ಹಾಕುವಾಗ ಮಾವ ಆ ಐವರಿಗೂ ಐದು ಗುಪ್ಪೆ ಹಾಕಿಸಿದರು. ಅವಳು ತನ್ನ ಗುಪ್ಪೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಯಾರಾದರೂ ಬಂದು ಎತ್ತಿಕೊಂಡು ಹೋಗುತ್ತಾರೋ ಎಂಬಂತೆ ಅತ್ತಿತ್ತ ನೋಡುತ್ತಿದ್ದಳು.

ಅವರು ನಮ್ಮ ದಡದ ಬಡಗು ತುದಿಯ ಫಿಶ್‌ಮೀಲ್ ಕಾರ್ಖಾನೆಯ ಕೆಲಸದವರು. ಕಾರ್ಖಾನೆ ನಿಂತಿರುವ ಜಾಗ ಹಿಂದೆ ಫಂಡಿನದೇ. ನಾವು ಬಲೆ ಒಣಗಿಸುತ್ತಿದ್ದ ಬಯಲು. ಕಂಪನಿ ಬಂದಾಗ ಜಾಗದ ಬೆಲೆಯ ಬದಲಿಗೆ ಫಂಡಿಗೆ ಕಂಪನಿಯ ಪಾಲು ಕೊಟ್ಟಿತು. ಮೊದಲು ಆ ಜಾಗವನ್ನೂ ಆಮೇಲೆ ಈ ಪಾಲನ್ನೂ ಫಂಡಿನ ಪರವಾಗಿ ಮಾವನ ಹೆಸರಿನಲ್ಲೇ ಇಟ್ಟಿದ್ದೆವು. ನಾವೂ ಮಾಲೀಕರಾದ ಮೇಲೆ ವಾಸನೆಯ ಬಗ್ಗೆ ಯಾರು ತಕರಾರು ಮಾಡುತ್ತಾರೆ? ಮಾರಾಟವಾಗದೆ ಉಳಿದ ಮೀನನ್ನು ಕಾರ್ಖಾನೆಗೇ ಕೊಡುತ್ತಿದ್ದೆವು. ಆ ಪಾಲಿನ ಲಾಭದಲ್ಲಿ ವರ್ಷವರ್ಷ ಬಲೆಯ ನೂಲು ಬರುತ್ತಿತ್ತು, ನಮ್ಮಂಥ ಮಕ್ಕಳ ಕಾಲೇಜು ಫೀಸು ಹೋಗುತ್ತಿತ್ತು. ನನ್ನ ಬಿ.ಕಾಂ. ಕೂಡ ಅದರಲ್ಲೇ ಆದದ್ದು. ಕಂಪನಿಯ ಧಣಿ ಗಣೇಶ ಚೌತಿಗೆ ಮಕ್ಕಳಿಗೆ ಚೀಲ, ಕೊಡೆ ಹಂಚುತ್ತಿದ್ದರು. ಫೋಟೋದಲ್ಲಿ ಮಾವ ಪಕ್ಕದಲ್ಲಿರುತ್ತಿದ್ದರು.

ಮುಂದಿನ ಎರಡು ಭಾನುವಾರವೂ ಸೋಮ್ರಿ ಬಂದಳು. ಮೂರನೆಯ ಭಾನುವಾರ ಬಲೆ ಇನ್ನೂ ಅರ್ಧ ನೀರಲ್ಲಿರುವಾಗ ಕಾರ್ಖಾನೆಯ ಸೂಪರ್‌ವೈಸರ್ ಬೈಕಿನಲ್ಲಿ ಬಂದ. ಏನೂ ಹೇಳದೆ ಸಾಲಿನ ಹಿಂದಿನಿಂದ ನಡೆದು ಬಂದು ಅವಳ ಜಡೆಗೆ ಕೈ ಹಾಕಿದ. ಅವಳು ಕೂಗಲಿಲ್ಲ. ಹಗ್ಗ ಬಿಟ್ಟು ಅವನ ಜೊತೆ ಬಗ್ಗಿಕೊಂಡೇ ನಡೆದಳು, ಅಭ್ಯಾಸವಿದ್ದವಳ ಹಾಗೆ. ನಲವತ್ತು ಮನೆಯವರ ಎದುರು ನಡೆದದ್ದು ಇದು. ಹಗ್ಗ ಬಿಟ್ಟರೆ ಬಲೆ ಹೋಗುತ್ತದೆ, ಹಾಗಾಗಿ ಯಾರೂ ಬಿಡಲಿಲ್ಲ. ಗಿರಿಜಕ್ಕ ಮಾತ್ರ ಅವನ ಅಮ್ಮನಿಂದ ಹಿಡಿದು ಏಳು ತಲೆಮಾರಿಗೆ ಕೂಗಿ ಬೈದರು. ಮಾವನ ಕುತ್ತಿಗೆಯ ನರ ಉಬ್ಬಿದ್ದನ್ನು ನಾನು ನೋಡಿದೆ. ಅಂದಿನ ಡೈರಿಯಲ್ಲಿ ನಾನು ಮೀನಿನ ಲೆಕ್ಕ ಬರೆದಿಲ್ಲ.

ಆ ವಾರವೇ, ಮಂಗಳವಾರ, ಜೋರು ಮಳೆಯಲ್ಲಿ ಅವಳು ನಮ್ಮ ಹಿತ್ತಲ ಬಾಗಿಲಿಗೆ ಬಂದಳು. ಅಂಗಡಿಗೆ ಕಳಿಸಿದ್ದರಂತೆ, ಬೇಗ ಹೋಗಬೇಕಂತೆ. ಅಮ್ಮ ಅವಳಿಗೆ ಟವೆಲು ಕೊಟ್ಟು, ಬಿಸಿ ಗಂಜಿ ಬಡಿಸಿ, ಒಣಮೀನಿನ ಚಟ್ನಿ ಹಾಕಿದರು. ಮಾವ ಅಡಿಗೆಕೋಣೆಯಲ್ಲೇ ಮಣೆ ಹಾಕಿ ಕೂತರು. ನಾನು ನಡುವೆ ಕೂತೆ, ಅವಳ ಹಿಂದಿಯನ್ನು ತುಳುವಿಗೆ ತರಲು.

ಅವಳಿಗೆ ಹೇಳಲು ಮನಸ್ಸಿರಲಿಲ್ಲ. “ನನ್ನ ತಮ್ಮನೂ ಒಳಗಿದ್ದಾನೆ” ಎಂದು ಎರಡು ಸಲ ಹೇಳಿದಳು.

ಮಾವ ನನಗೆ ಹೇಳಿದರು: “ನನ್ನ ಸೊಸೆ ಹೇಗೋ ನೀನೂ ಹಾಗೆಯೇ ಅಂತ ಹೇಳು ಅವಳಿಗೆ. ಈ ಅಡಿಗೆಕೋಣೆಯ ಮಾತು ಹೊಸಿಲು ದಾಟುವುದಿಲ್ಲ ಅಂತ ಹೇಳು.”

ನಾನು ಹೇಳಿದೆ. ಮಾತು ಮಾವನದು. ಅವಳು ಕೇಳಿದ್ದು ನನ್ನ ದನಿಯಲ್ಲಿ.

ಆಮೇಲೆ ಹೇಳಿದಳು. ಬಂದ ದಿನವೇ ಎಲ್ಲರ ಆಧಾರ್ ಕಾರ್ಡು ತೆಗೆದಿಟ್ಟುಕೊಂಡಿದ್ದಾರೆ. ಕತ್ತಲಾದ ಮೇಲೆ ಶೆಡ್ಡಿಗೆ ಹೊರಗಿನಿಂದ ಬೀಗ. ಸಂಬಳ ಸೀಸನ್ ಮುಗಿದ ಮೇಲೆ ಎನ್ನುತ್ತಾರೆ, ಸೀಸನ್ ಮುಗಿದರೆ ಮುಂದಿನ ಸೀಸನ್ ಎನ್ನುತ್ತಾರೆ. ಊರಿಗೆ ಹೋಗುತ್ತೇನೆ ಎಂದವರಿಗೆ ಹೊಡೆತ. ಮೀನು ಹಿಂಡುವ ಯಂತ್ರಕ್ಕೆ ತಮ್ಮನ ಎರಡು ಬೆರಳು ಸಿಕ್ಕಿ ಹೋದವು, ಆಸ್ಪತ್ರೆಗೆ ಕರೆದೊಯ್ದದ್ದು ಮರುದಿನ. ಅವಳು ಇದನ್ನೆಲ್ಲ ಅಳದೆ, ಗಂಜಿಯ ಬಟ್ಟಲು ಹಿಡಿದುಕೊಂಡೇ ಹೇಳಿದಳು. ಅವಳಿಗೆ ಬೇಕಾಗಿದ್ದದ್ದು ಒಂದೇ. ಇಬ್ಬರ ಕಾರ್ಡು ವಾಪಸು ಸಿಗಬೇಕು, ಇಬ್ಬರೂ ಒಟ್ಟಿಗೆ ರೈಲು ಹತ್ತಬೇಕು.

ಅವಳು ಹೋದ ಮೇಲೆ ಮಾವ ಅವಳು ಉಂಡ ಬಟ್ಟಲನ್ನು ತಾವೇ ತೊಳೆದಿಟ್ಟರು. “ಆ ಬೀಗದಲ್ಲಿ ನಮ್ಮದೂ ಪಾಲು ಉಂಟಲ್ಲ ಮಗಾ” ಎಂದರು. ಅವರನ್ನು ನಾನು ಅಷ್ಟು ಪ್ರೀತಿಸಿದ ದಿನ ಇನ್ನೊಂದಿಲ್ಲ.

ಫಂಡಿನ ಸಭೆ ಭಜನಾ ಮಂದಿರದಲ್ಲಿ ಸೇರಿತು. ಹೊರಗೆ ಮಳೆ ಎಷ್ಟಿತ್ತೆಂದರೆ ಮಾತಾಡುವವರು ಕೂಗಿಯೇ ಮಾತಾಡಬೇಕಿತ್ತು. ಮಾವ ಯಾರ ಹೆಸರನ್ನೂ ತೆಗೆಯದೆ, ಎದ್ದು ನಿಂತು ಹೇಳಿದರು: “ನಮ್ಮ ಹಗ್ಗಕ್ಕೆ ಕೈ ಹಾಕಿದವರಿಗೆ ನಾವು ಪಾಲು ಕೊಡ್ತೇವೆ. ಅಲ್ಲಿ ವರ್ಷಪೂರ್ತಿ ಕೈ ಹಾಕಿದವರಿಗೆ ಕೊಡುವುದು ಬೀಗ. ನಾವೂ ಅಲ್ಲಿ ಮಾಲೀಕರು. ಇನ್ನು ಅವರಿಗೆ ಮೀನು ಬೇಡ, ಅವರ ಲಾಭ ನಮಗೆ ಬೇಡ. ನಮ್ಮ ಪಾಲು ಹಿಂದೆ ತೆಗೆಯುವ.”

“ಮತ್ತೆ ಬಲೆಗೆ ನೂಲು ಆಕಾಶದಿಂದ ಬೀಳ್ತದಾ ವಾಸಣ್ಣ?” ಎಂದರು ಒಬ್ಬರು.

“ಹಿಂದೆ ಎಲ್ಲಿಂದ ಬರ್ತಿತ್ತೋ ಅಲ್ಲಿಂದಲೇ. ನಮ್ಮ ಅಪ್ಪಂದಿರು ಧಣಿಯ ನೂಲಲ್ಲಿ ಬಲೆ ಕಟ್ಟಿದ್ದಾ?”

ಗಿರಿಜಕ್ಕ ಹಿಂದಿನಿಂದ, “ಜಡೆ ಎಳೆದದ್ದನ್ನು ನೋಡಿಯೂ ಹಗ್ಗ ಹಿಡ್ಕೊಂಡೇ ನಿಂತವರು ನಾವು. ಈಗಾದ್ರೂ ಒಂದು ಕೈ ಎತ್ತಿ ಮಾರಾಯ್ರೆ” ಎಂದರು. ಒಬ್ಬೊಬ್ಬರಾಗಿ ಎಲ್ಲರೂ ಎತ್ತಿದರು.

ಒಂದು ತೊಡಕಿತ್ತು. ಅದನ್ನು ಹೇಳಿದ್ದು, ಹೊರಗೆ ಬರಬೇಕೆಂದು ಎಲ್ಲರಿಗಿಂತ ಹೆಚ್ಚು ಕುಣಿಯುತ್ತಿದ್ದ ನಾನೇ. ಅದು ಖಾಸಗಿ ಕಂಪನಿ. ಅದರ ಪಾಲನ್ನು ಮಾರುಕಟ್ಟೆಯಲ್ಲಿ ಮಾರಲಾಗುವುದಿಲ್ಲ. ಕಂಪನಿಯ ನಿರ್ದೇಶಕರು ಒಪ್ಪಬೇಕು, ಅವರೇ ಕೊಳ್ಳಬೇಕು ಅಥವಾ ಅವರು ಹೇಳಿದವರು ಕೊಳ್ಳಬೇಕು. ಅವರು ಬೇಡವೆಂದರೆ ನಾವು ಇಷ್ಟವಿಲ್ಲದಿದ್ದರೂ ಮಾಲೀಕರಾಗಿಯೇ ಇರಬೇಕಾಗುತ್ತದೆ.

“ಅದನ್ನು ನನಗೆ ಬಿಡು. ಧಣಿ ನನ್ನ ಮಾತು ಕೇಳ್ತಾರೆ,” ಎಂದರು ಮಾವ.

ಅವರು ಮೂರು ಸಲ ಧಣಿಯ ಆಫೀಸಿಗೆ ಹೋದರು. ಮೊದಲ ಎರಡು ಸಲ ಸೋತ ಮುಖದಲ್ಲಿ ಬಂದರು. ಮೂರನೆಯ ಸಲ, ಆಗಸ್ಟ್ ಕೊನೆಯ ಶುಕ್ರವಾರ, ಹೊಸ ಅಂಗಿ ಹಾಕಿಕೊಂಡು ಹೋಗಿ, ಸಂಜೆ ಜಿಲೇಬಿಯ ಪೊಟ್ಟಣ ಹಿಡಿದು ಬಂದರು. ಕಂಪನಿ ಒಪ್ಪಿತ್ತು. ಫಂಡಿಗೆ ನಷ್ಟವಿಲ್ಲದ ಬೆಲೆಗೆ ಪಾಲು ವಾಪಸು ಪಡೆದುಕೊಂಡಿತ್ತು. ಕಾಗದಕ್ಕೆ ರುಜು ಆಗಿತ್ತು. ಕೇರಿಯಲ್ಲಿ ಪಟಾಕಿ ಹೊಡೆದರು. ಪತ್ರಿಕೆಯವರು ಬಂದು, ಮೀನುಗಾರರು ತತ್ವಕ್ಕಾಗಿ ಲಾಭ ಬಿಟ್ಟರು ಎಂದು ಬರೆದರು. ನಾನು ಆ ತುಣುಕನ್ನು ಕತ್ತರಿಸಿ ಡೈರಿಗೆ ಅಂಟಿಸಿದೆ.

ಆ ಭಾನುವಾರ ಹಗ್ಗಕ್ಕೆ ಕಾರ್ಖಾನೆಯ ಯಾರೂ ಬರಲಿಲ್ಲ. ಮೀನಿನ ಸಂಬಂಧ ಕಡಿದಿದೆಯಲ್ಲ, ಬಿಡುವುದಿಲ್ಲವೇನೋ ಎಂದುಕೊಂಡೆ. ಮುಂದಿನ ವಾರ ಗಿರಿಜಕ್ಕ ಬುಟ್ಟಿ ಇಳಿಸಿ ನನ್ನನ್ನು ಬದಿಗೆ ಕರೆದರು. ಕಾರ್ಖಾನೆಯ ಗೇಟಿನ ಕಾವಲುಗಾರ ಅವರ ಗಿರಾಕಿ.

“ಆ ಕಾಡಿನ ಹುಡುಗಿ ಇಲ್ಲ. ಅಕ್ಕ ತಮ್ಮ ಇಬ್ಬರನ್ನೂ ಟೆಂಪೋದಲ್ಲಿ ಹಾಕಿ ಕರ್ಕೊಂಡು ಹೋದ್ರಂತೆ. ಎಲ್ಲಿಗೆ ಅಂತ ಅವನಿಗೂ ಗೊತ್ತಿಲ್ಲ. ಅವಳಿಗೆ ತುಂಬಾ ಹೊಡೆದಿದ್ರಂತೆ. ನಾವು ಪಟಾಕಿ ಹೊಡೆದ ದಿನವೇ.”

ಗಂಜಿ ಉಂಡ ದಿನ ಅವಳು ಬರೆಸಿದ್ದ ತಮ್ಮನ ಫೋನ್ ನಂಬರು ನನ್ನಲ್ಲಿತ್ತು. ಸ್ವಿಚ್ ಆಫ್. ನಾನು ನೇರ ಮಾವನ ಹತ್ತಿರ ಓಡಿದೆ. ಈ ಊರಲ್ಲಿ ಧಣಿಗೆ ಫೋನ್ ಮಾಡಿ ಕೇಳಬಲ್ಲವರು ಅವರೊಬ್ಬರೇ. ಅವರು ಫಂಡಿನ ಶೆಡ್ಡಿನಲ್ಲಿ ಕೂತು ಬಲೆಯ ಹರಿದ ಕಣ್ಣು ಕಟ್ಟುತ್ತಿದ್ದರು. ನಾನು ಉಸಿರು ಬಿಡದೆ ಎಲ್ಲ ಹೇಳಿ, “ಮಾವ, ಈಗಲೇ ಫೋನ್ ಮಾಡಿ, ಎಲ್ಲಿದ್ದಾಳೆ ಕೇಳಿ” ಎಂದೆ.

ಅವರು ತಲೆ ಎತ್ತಲಿಲ್ಲ. “ಅದನ್ನು ಕೇಳುವ ಹಾಗಿಲ್ಲ ಮಗಾ. ಅದೂ ಮಾತಿನಲ್ಲಿ ಸೇರಿದೆ.”

ನನಗೆ ಅರ್ಥವಾಗಲಿಲ್ಲ. “ಯಾವ ಮಾತು?”

“ಪಾಲು ತಗೊಳ್ಳುವ ಮಾತು. ಅವರು ಒಪ್ಪುವುದೇ ಇಲ್ಲ ಅಂತ ಕೂತಿದ್ರು. ಕೊನೆಗೆ ಒಂದೇ ಒಂದು ಕೇಳಿದ್ರು. ಒಳಗಿನ ಸುದ್ದಿ ಹೊರಗೆ ತಂದದ್ದು ಯಾರು ಅಂತ.”

ಹೊರಗೆ ಮಳೆ ನಿಂತಿತ್ತು. ಮಾಡಿನ ತಗಡಿನಿಂದ ಹನಿ ಬೀಳುವುದು ಕೇಳುತ್ತಿತ್ತು.

“ನೀವು ಹೇಳಿದ್ರಾ?”

“ನಲವತ್ತು ಮನೆ ಮಗಾ.” ಈಗ ತಲೆ ಎತ್ತಿದರು. “ನಲವತ್ತು ಮನೆಯ ಗಂಟು ಅಲ್ಲಿ ಸಿಕ್ಕಿಕೊಂಡಿತ್ತು. ಅವಳು ಹೇಗೂ ಇಲ್ಲಿ ನಿಲ್ಲುವವಳಲ್ಲ, ಇವತ್ತಲ್ಲ ನಾಳೆ ಹೋಗುವವಳು. ಕೆಲಸದಿಂದ ತೆಗೀತಾರೆ, ಊರಿಗೆ ಕಳಿಸ್ತಾರೆ ಅಂತ ನಾನು ಎಣಿಸಿದ್ದು. ಅವಳಿಗೂ ಅದೇ ಬೇಕಿತ್ತಲ್ಲ?”

“ಹೊಸಿಲು ದಾಟುವುದಿಲ್ಲ ಅಂತ ಹೇಳಿಸಿದ್ರಿ.”

“ಹೇಳಿಸಿದೆ. ಒಬ್ಬಳ ಮಾತಿಗೆ ಕಟ್ಟುಬಿದ್ದು ಊರನ್ನು ಆ ಪಾಪದೊಳಗೇ ಇಟ್ಟುಕೊಳ್ಳಬೇಕಿತ್ತಾ? ನೀನೇ ಅಲ್ವಾ, ಹೊರಗೆ ಬರ್ಬೇಕು ಹೊರಗೆ ಬರ್ಬೇಕು ಅಂತ ಕುಣಿದವಳು? ಬಂದೆವಲ್ಲ!”

ನಾವು ಕೈ ತೊಳೆದುಕೊಂಡದ್ದು ಅವಳನ್ನು ಕೊಟ್ಟು ಎಂದು ತಿಳಿಯಲೇ ನನಗೆ ಕೆಲವು ದಿನ ಬೇಕಾಯಿತು. ಕಂಪನಿಯಿಂದ ನಾನು ಒಳ್ಳೆಯದನ್ನು ನಿರೀಕ್ಷಿಸಿಯೇ ಇರಲಿಲ್ಲ, ಹಾಗಾಗಿ ಅದು ನನಗೆ ಮೋಸ ಮಾಡಲಿಲ್ಲ. ನಮ್ಮ ಅಡಿಗೆಕೋಣೆಯಲ್ಲಿ, ನಮ್ಮ ಗಂಜಿ ಬಡಿಸಿ, ನನ್ನ ಬಾಯಿಯಿಂದ ಮಾತು ಕೊಡಿಸಿದವರು ಮಾಡಿದರು.

ನಾನು ದೂರು ಕೊಟ್ಟೆ. ಅಧಿಕಾರಿಗಳು ಬಂದರು, ನ್ಯಾಯವಾಗಿಯೇ ಕೇಳಿದರು. ಆ ಹೊತ್ತಿಗೆ ಗೇಟು ತೆರೆದಿತ್ತು, ಉಳಿದವರೆಲ್ಲರ ಕೈಯಲ್ಲಿ ಅವರವರ ಕಾರ್ಡು ಇತ್ತು. ಸೋಮ್ರಿಯಾಗಲೀ ಅವಳ ತಮ್ಮನಾಗಲೀ ಕಂಪನಿಯ ಹಾಜರಿಯಲ್ಲೇ ಇರಲಿಲ್ಲ. ಗುತ್ತಿಗೆದಾರನ ಜನ ಇರಬಹುದು, ಊರಿಗೆ ಹೋಗಿರಬಹುದು ಎಂದರು ಕಂಪನಿಯವರು. ಧಣಿಯ ಆಫೀಸಿನಲ್ಲಿ ಅವಳ ಹೆಸರು ಬಂದದ್ದಕ್ಕೆ ಊರು ನಂಬುವಂಥ ಸಾಕ್ಷಿ ಒಬ್ಬರೇ ಇದ್ದರು. ಅವರು ಆ ದಿನ ನೂಲು ತರಲು ಮಲ್ಪೆಗೆ ಹೋಗಿದ್ದರು. ಅಮ್ಮ ಬಂದು ಹೇಳಿದರು, ಆದರೆ ಅಮ್ಮನಿಗೆ ಹಿಂದಿ ಬರುವುದಿಲ್ಲ, ಕೇಳಿದ್ದು ನಾನು ಹೇಳಿದ್ದನ್ನೇ. ಒಳಗಿನದ್ದನ್ನು ಅವಳ ಬಾಯಿಂದಲೇ ತಿಳಿದವಳು ನಾನು ಒಬ್ಬಳೇ ಉಳಿದೆ. ಆ ನಂಬರಿಗೆ ಆ ಮಳೆಗಾಲ ಮುಗಿಯುವವರೆಗೆ ದಿನಾ ಕರೆ ಮಾಡಿದೆ. ಆಮೇಲೆ ಒಂದು ದಿನ ಬೇರೆ ಯಾರೋ ಎತ್ತಿ, ಯಾವುದೋ ಭಾಷೆಯಲ್ಲಿ ರಾಂಗ್ ನಂಬರ್ ಎಂದರು.

ಫಲಿತಾಂಶ ಬಂತು. ಮಣಿಪಾಲದ ಒಂದು ಆಡಿಟರ್ ಕಚೇರಿಯಲ್ಲಿ ಕೆಲಸ ಸಿಕ್ಕಿತು, ಅಲ್ಲೇ ರೂಮು ಮಾಡಿದೆ. ಊರಿಗೆ ಹೋದಾಗ ಮಾವನಿಗೆ ಊಟ ಬಡಿಸುತ್ತೇನೆ, ಔಷಧದ ಚೀಟಿ ಓದಿ ಹೇಳುತ್ತೇನೆ. ಹಗ್ಗ ಎಳೆಯಲು ಹೋಗುವುದಿಲ್ಲ.

ಬಸ್ಸಿನಲ್ಲಿ ಆ ದಿನ ನಾನು ಊರಿಗೆ ಹೊರಟದ್ದು ಅಮ್ಮ ಕರೆದದ್ದಕ್ಕೆ. ಕಾರ್ಕಳದಲ್ಲಿ ಗೇರುಬೀಜ ಕಾರ್ಖಾನೆಯಲ್ಲಿ ದುಡಿಯುವ ಹೆಂಗಸರದ್ದೊಂದು ಸಹಕಾರಿ ಸಂಘ ಉಂಟು. ಆ ಸಂಘದ ಠೇವಣಿ ಒಂದು ಕಲ್ಲುಕೋರೆಯ ಕಂಪನಿಯಲ್ಲಿದೆ. ಆ ಕೋರೆಯಲ್ಲೂ ಕೆಲಸದವರನ್ನು ಕೂಡಿಹಾಕುತ್ತಾರೆಂದು ಸುದ್ದಿ. ಅವರೂ ಹೊರಗೆ ಬರಬೇಕೆಂದಿದ್ದರು. ದಾರಿ ಕೇಳಲು ಮಾವನನ್ನು ಕರೆದಿದ್ದರು, ಜೊತೆಗೆ ಸನ್ಮಾನ. ಮಾವನಿಗೆ ಈಗ ಕಣ್ಣು ಅಷ್ಟು ಕಾಣುವುದಿಲ್ಲ, ಕಾರು ಬಿಡಲು ನಾನು ಬೇಕಿತ್ತು.

ಕಾರ್ಕಳದ ಸಭೆಯಲ್ಲಿ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಮಾವ ಚೆನ್ನಾಗಿ ಮಾತಾಡಿದರು. ಹಗ್ಗದ ಕ್ರಮ, ಬೀಗ, ಭಜನಾ ಮಂದಿರದಲ್ಲಿ ಎತ್ತಿದ ಕೈಗಳು. ಕೆಲವರು ಕಣ್ಣೊರೆಸಿಕೊಂಡರು. ಮುಂದಿನ ಸಾಲಿನಲ್ಲಿದ್ದ, ಗೇರು ಸಿಪ್ಪೆಯ ಎಣ್ಣೆಗೆ ಬೆರಳು ಕಪ್ಪಾದ ಒಬ್ಬ ಹೆಂಗಸು ಎದ್ದು ನಿಂತು ಕೇಳಿದರು: “ಅಣ್ಣೇರೆ, ನೀವು ಹೊರಗೆ ಬಂದ್ರಿ, ಒಳ್ಳೇದಾಯ್ತು. ಅಲ್ಲಿ ಒಳಗೆ ಇದ್ದವರಿಗೆ ಎಂತ ಆಯ್ತು?”

ಮಾವ ನನ್ನ ಕಡೆ ತಿರುಗಿದರು. ನಸುನಗೆ ಇತ್ತು ಮುಖದಲ್ಲಿ. “ಅದು ನನ್ನ ಸೊಸೆಗೆ ಗೊತ್ತು. ಎಲ್ಲ ಬರೆದಿಡುವವಳು ಅವಳೇ.”

ನಾನು ಅವರ ಮಾನ ಕಾಯುತ್ತೇನೆ ಎಂಬ ವಿಷಯದಲ್ಲಿ ಅವರಿಗೆ ಎಳ್ಳಷ್ಟೂ ಸಂಶಯ ಇರಲಿಲ್ಲ. ನಾನು ಎದ್ದು ನಿಂತೆ.

“ನಮ್ಮನ್ನು ನಂಬಿ ಒಬ್ಬಳು ಒಳಗಿನದ್ದು ಹೇಳಿದ್ದಳು. ಹೆಸರು ಹೇಳುವುದಿಲ್ಲ ಅಂತ ಮಾತು ಕೊಟ್ಟಿದ್ದೆವು. ನಮ್ಮ ಪಾಲು ಬಿಡಿಸಿಕೊಳ್ಳಲು ಆ ಹೆಸರನ್ನು ಕಂಪನಿಗೆ ಕೊಟ್ಟೆವು. ಅವಳಾಗಲೀ ಅವಳ ತಮ್ಮನಾಗಲೀ ಈಗ ಎಲ್ಲಿದ್ದಾರೆ ಅಂತ ನಮಗೆ ಗೊತ್ತಿಲ್ಲ. ನೀವು ಕೋರೆಯವರ ಹತ್ತಿರ ಮಾತಿಗೆ ಹೋಗುವ ಮೊದಲು, ನಿಮಗೆ ಸುದ್ದಿ ಹೇಳಿದವರು ಅಲ್ಲಿಂದ ಸುರಕ್ಷಿತವಾಗಿ ಬಂದಿದ್ದಾರಾ ನೋಡಿ.”

ಕಾರ್ಯಕ್ರಮ ನಿರೂಪಿಸುತ್ತಿದ್ದ ಹುಡುಗಿ ಮೈಕಿನ ಎದುರು ನಿಂತು ಕಾಗದ ನೋಡಿ, ಮತ್ತೆ ಕಾಗದ ನೋಡಿ, ಧನ್ಯವಾದ ಸಮರ್ಪಣೆ ಎಂದಳು. ಕೇಳಿದ ಹೆಂಗಸು ಮಾತ್ರ ಕೂತಿರಲಿಲ್ಲ. ನಿಂತೇ ಪಕ್ಕದವಳ ಕಿವಿಯಲ್ಲಿ ಏನೋ ಹೇಳುತ್ತಿದ್ದರು. ಪಕ್ಕದವಳು ತಲೆಯಾಡಿಸಿ ಗಡಿಬಿಡಿಯಲ್ಲಿ ಹೊರಗೆ ಹೋದಳು.

ವಾಪಸು ಬರುವಾಗ ಸಣ್ಣ ಮಳೆ. ಮಾವ ಶಾಲು ತೆಗೆದು ಮಡಚಿ ತೊಡೆಯ ಮೇಲಿಟ್ಟುಕೊಂಡಿದ್ದರು. ಬೈಯುತ್ತಾರೆ, ಅಥವಾ ಅಳುತ್ತಾರೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ಬೆಳ್ಮಣ್ ದಾಟಿದ ಮೇಲೆ ಕೆಮ್ಮಿದರು.

“ಆ ಹುಡುಗಿಯ ಹೆಸರು ಎಂತದ್ದು ಮಗಾ?”

ಚುಚ್ಚಲು ಕೇಳಿದ್ದೇನೋ ಎಂದು ತಿರುಗಿ ನೋಡಿದೆ. ಅಲ್ಲ. ಹಣೆ ಗಂಟಿಕ್ಕಿ ನಿಜವಾಗಿಯೇ ನೆನಪು ಮಾಡಿಕೊಳ್ಳುತ್ತಿದ್ದರು. ಕೊಟ್ಟ ಮೇಲೆ ಮರೆತಿದ್ದರು.

“ಹೇಳು, ಎಂತದ್ದು?” ಎಂದರು ಮತ್ತೊಮ್ಮೆ, ಮೆಲ್ಲಗೆ.

ಕಾಪು ಬರುವಷ್ಟರಲ್ಲಿ ಇನ್ನೆರಡು ಸಲ ಕೇಳಿದರು. ನಾನು ಹೇಳಲಿಲ್ಲ.